ಅತ್ತಿಗೆಯ ಎರಡು ಕೆಂಪು

ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಾರೆ. ಗೇಟಿನ ಕಾವಲುಗಾರನಿಗೂ ಅತ್ತಿಗೆ, ಆಫೀಸಿನ ಹುಡುಗಿಯರಿಗೂ ಅತ್ತಿಗೆ, ಅವಳಿಗಿಂತ ಹನ್ನೆರಡು ವರ್ಷ ದೊಡ್ಡವರಾದ ಮ್ಯಾನೇಜರಿಗೂ ಅತ್ತಿಗೆ. ಇದರಲ್ಲಿ ತಪ್ಪು ನನ್ನದು. ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಕೆಳಗಿನ ಪ್ಯಾಕಿಂಗ್ ಮೇಜಿನಿಂದ ಮೇಲಿನ ಮಹಡಿಗೆ ಕೇಳುವಂತೆ "ಅತ್ತಿಗೇ, ಊಟದ ಡಬ್ಬಿ ಮರೆತು ಬಂದಿದ್ದೀಯಾ!" ಎಂದು ಕಿರುಚಿದ್ದೆ. ಅಂದಿನಿಂದ ನನ್ನೊಬ್ಬಳ ಅತ್ತಿಗೆ ಲೋಕಕ್ಕೆಲ್ಲ ಅತ್ತಿಗೆಯಾದಳು. ನಿಜವಾದ ನಾದಿನಿ ನಾನೊಬ್ಬಳೇ ಎಂಬುದನ್ನು ಇವರೆಲ್ಲ ಮರೆತಿರುವುದರಿಂದ ಅವಳ ಕಥೆಯನ್ನು ನಾನೇ ಹೇಳಬೇಕು.

ಆ ಕೆಲಸ ಕೊಡಿಸಿದವಳೂ ನಾನೇ. ಪ್ರೀತಿಯಿಂದ ಅಲ್ಲ, ಸುಳ್ಳೇಕೆ ಹೇಳಲಿ. ನಮ್ಮಣ್ಣನ ಕೈ ಹಿಡಿದು ಮನೆಗೆ ಬಂದಳಲ್ಲ, ಒಂದು ದಿನವಾದರೂ ಒಲೆಯ ಮೇಲಿಟ್ಟಿದ್ದನ್ನು ಸೀಯದ ಹಾಗೆ ಇಳಿಸಿದ್ದಿಲ್ಲ. ಮರೆವೂ ಅಲ್ಲ, ಸೋಮಾರಿತನವೂ ಅಲ್ಲ. ಬಾಣಲೆಯ ತಳ ಕಾದಂತೆಲ್ಲ ಹಳದಿಯಿಂದ ನೇರಳೆಗೆ ಹೇಗೆ ತಿರುಗುತ್ತದೆ ಎಂದು ಸೌಟು ಹಿಡಿದು ನೋಡುತ್ತ ನಿಲ್ಲುವುದು! ಅಷ್ಟರಲ್ಲಿ ಅಡುಗೆ ಕರಿಕಲು. ನಮ್ಮಮ್ಮ ಒಂದು ದಿನ ಕೈ ಮುಗಿದು, "ಇವಳನ್ನ ಅಡುಗೆಮನೆಯಿಂದ ಆಚೆ ಹಾಕೋಕೆ ಏನಾದ್ರೂ ದಾರಿ ನೋಡೇ. ಇಲ್ದಿದ್ರೆ ನಾವೆಲ್ಲ ಹಸಿವಿನಿಂದಲೇ ಹೋಗ್ತೀವಿ" ಎಂದರು. ಅದೇ ವಾರ ನಮ್ಮ ಕಾರ್ಖಾನೆಯ ಪರೀಕ್ಷೆ ಕೋಣೆಗೆ ಗಾಜಿನ ಸಾಮಾನು ತೊಳೆಯುವವರು ಬೇಕಾಗಿದ್ದರು. ನಾನು ಮ್ಯಾನೇಜರ ಮುಂದೆ ನಿಂತು, ನನ್ನ ಅತ್ತಿಗೆಯಷ್ಟು ಚೆನ್ನಾಗಿ ಪಾತ್ರೆ ತೊಳೆಯುವವರು ಇನ್ನೊಬ್ಬರಿಲ್ಲ ಎಂದು ಕಣ್ಣು ಮಿಟುಕಿಸದೆ ಹೇಳಿ ಬಂದೆ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಮೇಲಿನ ಮಹಡಿಯಲ್ಲಿ ಅಂಚೆಚೀಟಿಯಷ್ಟಗಲದ ನೀಲಿ ಲೇಬಲ್ ತಯಾರಾಗುತ್ತದೆ. ಔಷಧ ಕಂಪನಿಗಳಿಂದ ಬರುವ, ತಣ್ಣಗಿರಬೇಕಾದ ಔಷಧದ ಪೆಟ್ಟಿಗೆಗಳ ಮುಚ್ಚಳದ ಒಳಗೆ ಅದನ್ನು ಅಂಟಿಸಿ ಆಸ್ಪತ್ರೆಗಳಿಗೆ ಕಳಿಸುತ್ತೇವೆ. ಪೆಟ್ಟಿಗೆ ದಾರಿಯಲ್ಲಿ ನಲವತ್ತು ಡಿಗ್ರಿ ದಾಟಿ ಬಿಸಿಯಾದರೆ ಲೇಬಲ್ ಕೆಂಪಾಗುತ್ತದೆ. ಆಸ್ಪತ್ರೆಯವರು ಮುಚ್ಚಳ ತೆಗೆದು ನೋಡುತ್ತಾರೆ: ನೀಲಿಯಾದರೆ ಔಷಧ ಒಳಗೆ, ಕೆಂಪಾದರೆ ಹೊರಗೆ. ಕೆಳಗಿನ ಹಾಲಿನಲ್ಲಿ ನಮ್ಮ ಪ್ಯಾಕಿಂಗ್ ಮೇಜು. ಹಿಂದಿನ ಅಂಗಳದಲ್ಲಿ ತಂಪು ವ್ಯಾನುಗಳು. ಅದರಲ್ಲೊಂದರ ಡ್ರೈವರ್ ನಮ್ಮಣ್ಣ. ಹೀಗೆ ಮೇಲೆ ಅತ್ತಿಗೆ, ಕೆಳಗೆ ನಾನು, ಹಿಂದೆ ಅಣ್ಣ, ಮನೆಯ ಜಗಳವನ್ನು ಬೇಕಾದರೆ ಊಟದ ಬಿಡುವಿನಲ್ಲೂ ಮುಂದುವರಿಸುವ ಅನುಕೂಲ ನಮಗಿತ್ತು.

ಸೇರಿದ ಮೂರನೆಯ ದಿನ ಅವಳು ಕೈಗವಸಿನಿಂದ ನೀರು ತೊಟ್ಟಿಕ್ಕಿಸುತ್ತ ಮೆಟ್ಟಿಲಿಳಿದು ಓಡಿ ಬಂದಳು. ಯಾರಿಗೋ ಏನೋ ಆಯಿತು ಎಂದು ನನ್ನ ಎದೆ ಧಸಕ್ಕೆಂದಿತು.

"ಬಾರೇ ಬೇಗ! ನೋಡು ಬಾರೇ!"

"ಏನಾಯ್ತು?"

"ನೀಲಿ ಕೆಂಪಾಯ್ತು!"

ನಾನು ಅವಳನ್ನು ಬೈದುಕೊಂಡೇ ಮೇಲೆ ಹೋದೆ. ಆಗಿದ್ದಿಷ್ಟು. ಒಂದು ಶೀಶೆಯ ತಳದಲ್ಲಿ ನೀಲಿ ಪುಡಿ ಅಂಟಿಕೊಂಡಿತ್ತು. ನೀರಿಗೆ ಹೋಗಲಿಲ್ಲ. ಅಸಿಟೋನ್ ಹಾಕಿ ತೊಳೆ ಎಂದು ಕೆಮಿಸ್ಟ್ ಮೇಡಂ ಹೇಳಿದ್ದರು. ನಮ್ಮ ಉಗುರಿನ ಬಣ್ಣ ತೆಗೆಯುವುದೂ ಅದರಿಂದಲೇ. ಹಾಕಿದಳಂತೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೀಲಿಯೆಲ್ಲ ಕೆಂಪು. ಹೆದರಿ ಇನ್ನೊಂದು ಶೀಶೆಯನ್ನು ತೊಳೆಯದೆ ಹಾಗೆಯೇ ಒಣಗಿಸುವ ಓವನ್ನಿನಲ್ಲಿಟ್ಟಳು. ಅದೂ ಕೆಂಪು! ಒಂದು ಒದ್ದೆಯಾಗಿ ಕೆಂಪು, ಒಂದು ಒಣಗಿ ಕೆಂಪು. ಅವಳ ಮುಖವೂ ಆಗ ಸಂತೋಷಕ್ಕೆ ಕೆಂಪಗಿತ್ತು.

ಕೆಮಿಸ್ಟ್ ಮೇಡಂ ಒಳ್ಳೆಯವರು. ತೊಳೆಯುವವಳು ಪ್ರಶ್ನೆ ಕೇಳಿದಳು ಎಂದು ಮೂಗು ಮುರಿಯಲಿಲ್ಲ. ಕೂರಿಸಿಕೊಂಡು ಹೇಳಿಕೊಟ್ಟರು: ಪುಡಿ ಮೊದಲು ಬೆಳ್ಳಗಿರುತ್ತದೆ. ಅದರ ಹರಳಿನೊಳಗೆ ಕಣ್ಣಿಗೆ ಕಾಣದ ಕಣಗಳು ಸಾಲಾಗಿ ನಿಂತಿರುತ್ತವೆ. ನೇರಳೆ ಕಿರಣದ ದೀಪ ಹಿಡಿದರೆ ಅವು ಒಂದರ ಕೈ ಒಂದು ಹಿಡಿದು ಉದ್ದನೆಯ ಸರಗಳಾಗುತ್ತವೆ. ಸರ ನೆಟ್ಟಗೆ ಬಿಗಿಯಾಗಿ ಇರುವಷ್ಟು ಹೊತ್ತು ನೀಲಿ. ಬಿಸಿ ತಾಗಿದರೆ ಕಣಗಳು ಕುಣಿದಾಡಿ ಸರ ತಿರುಚಿಕೊಳ್ಳುತ್ತದೆ, ಕೆಂಪು ಕಾಣುತ್ತದೆ. ಅಸಿಟೋನಿನಂಥ ದ್ರಾವಕಗಳು ಬಿಸಿಯ ಹಂಗೇ ಇಲ್ಲದೆ ಸರಗಳ ನಡುವೆ ನುಗ್ಗಿ ಅವನ್ನು ಸಡಿಲಿಸುತ್ತವೆ. ಆಗಲೂ ಕೆಂಪೇ.

ಅಂದು ಸಂಜೆ ಅತ್ತಿಗೆ ನನ್ನ ಜಡೆ ಹೆಣೆಯುತ್ತ ಅದನ್ನೇ ನನಗೆ ಪಾಠ ಮಾಡಿದಳು. "ಇದು ಬಿಗಿ ಜಡೆ, ಇದು ನೀಲಿ. ಓಡಾಡಿ ಕುಣಿದಾಡಿದ್ರೆ ಸಡಿಲ ಆಗುತ್ತೆ, ಅದು ಬಿಸಿಯ ಕೆಂಪು. ಯಾರಾದ್ರೂ ಬೆರಳು ತೂರಿಸಿ ಎಳೆದ್ರೂ ಸಡಿಲ ಆಗುತ್ತೆ, ಅದು ಅಸಿಟೋನ್ ಕೆಂಪು. ಗೊತ್ತಾಯ್ತಾ?" ಎಂದು ಬೆರಳು ತೂರಿಸಿ ಎಳೆದೂ ತೋರಿಸಿದಳು. ನನ್ನ ಕೂದಲು ಕಿತ್ತು ಬಂದದ್ದರಿಂದ ಚೆನ್ನಾಗಿಯೇ ಗೊತ್ತಾಯಿತು.

ಅಲ್ಲಿಂದ ಶುರುವಾಯಿತು ನೋಡಿ ಅವಳ ಹುಚ್ಚು. ತೊಳೆಯಲು ಬಂದ ಪ್ರತಿ ಶೀಶೆಯಿಂದ ಒಂದಿಷ್ಟು ನೀಲಿಯನ್ನು ಕಾಗದದ ಪಟ್ಟಿಗೆ ಒರೆಸಿಕೊಂಡು, ಒಂದೊಂದು ದ್ರಾವಕದಲ್ಲಿ ಅದ್ದಿ, ಓವನ್ನಿನ ಒಂದೊಂದು ಬಿಸಿಯಲ್ಲಿಟ್ಟು, ಹಳೆಯ ಕ್ಯಾಲೆಂಡರುಗಳ ಹಿಂಬದಿಗೆ ಅಂಟಿಸಿ, ಪಕ್ಕದಲ್ಲಿ ಬರೆದಿಡುವುದು. ಒಂಬತ್ತು ವರ್ಷ! ನೀರಿಗೆ ಏನೂ ಆಗುವುದಿಲ್ಲ. ಸ್ಪಿರಿಟ್ಟಿಗೆ ನಿಧಾನವಾಗಿ ನೇರಳೆ. ಅಸಿಟೋನಿಗೆ ತಕ್ಷಣ ಕೆಂಪು. ಕೆಲವಕ್ಕೆ ಅದ್ದುವುದೂ ಬೇಡ, ಮೇಲಿನ ಆವಿ ತಾಗಿದರೆ ಸಾಕು. ಮೂವತ್ತೆಂಟು ಡಿಗ್ರಿಗೆ ನೇರಳೆಯಾದದ್ದು ತಣ್ಣಗಾದರೆ ಮತ್ತೆ ನೀಲಿಗೆ ತಿರುಗುತ್ತದೆ. ನಲವತ್ತು ದಾಟಿದರೆ ತಿರುಗುವುದಿಲ್ಲ.

"ಮೂವತ್ತೆಂಟು ಅಂದ್ರೆ ನಿಮ್ಮಣ್ಣನ ಕೋಪ," ಎಂದು ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿದಳು. "ಸ್ವಲ್ಪ ಹೊತ್ತು ಬಿಟ್ರೆ ಸರಿಹೋಗುತ್ತೆ."

"ನಲವತ್ತರ ಮೇಲಿಂದು?" ಎಂದು ಅಮ್ಮ ಕೇಳಿದರು.

"ನಿಮ್ಮ ಮಗಳದು."

ಅಣ್ಣ ನಕ್ಕು ನಕ್ಕು ಕೆಮ್ಮಿದ. ನಾನು ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಅಂದರೆ ಅವಳು ಹೇಳಿದ್ದು ಸುಳ್ಳಲ್ಲ.

ಈಗ ಆ ವಾರಕ್ಕೆ ಬರುತ್ತೇನೆ.

ಸೋಮವಾರ ದೂರದ ಒಂದು ಆಸ್ಪತ್ರೆಗೆ ಇನ್ನೂರ ನಲವತ್ತು ಪೆಟ್ಟಿಗೆ ಹೋಗಬೇಕಿತ್ತು. ಒಂದೊಂದರಲ್ಲೂ ಗಾಜಿನ ಪುಟ್ಟ ಸೀಸೆಗಳಲ್ಲಿ ಇಂಜೆಕ್ಷನ್ ಔಷಧ. ನನ್ನ ಮೇಜಿನ ಕೆಲಸದ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನನ್ನ ಕೈಯಿಂದ ಹೋದ ಪೆಟ್ಟಿಗೆಯಲ್ಲಿ ಒಂದು ಕಲೆ ಹುಡುಕಿದವರಿಲ್ಲ. ಆ ಸಲ ಬಂದ ಪೆಟ್ಟಿಗೆಗಳ ಮುಚ್ಚಳದ ಒಳಗೆಲ್ಲ ಅಂಟಿನ ಕರಿ ಕಲೆ. ನಾನು ಬಿಡುವವಳೇ? ಇನ್ನೂರ ನಲವತ್ತು ಮುಚ್ಚಳವನ್ನೂ ಉಜ್ಜಿ ಕನ್ನಡಿ ಮಾಡಿದೆ. ಆಮೇಲೆ ಲೇಬಲ್ ಅಂಟಿಸಿದೆ. ಅದರ ಒಂದು ಮೂಲೆಯ ಮೇಲೆ ಹೊಳೆಯುವ ಪ್ಲಾಸ್ಟಿಕ್ಕಿನ ನಂಬರ್ ಚೀಟಿ ಅಂಟಿಸಿದೆ. ಮುಚ್ಚಿ, ಗಾಳಿಯಾಡದ ಚೀಲದಲ್ಲಿ ಹಾಕಿ ಸೀಲ್ ಮಾಡಿದೆ. ಸೂಪರ್‌ವೈಸರ್ ಬಂದು, "ಕೆಲಸ ಅಂದ್ರೆ ಇದಪ್ಪಾ" ಎಂದು ಬೇರೆ ಹುಡುಗಿಯರಿಗೆ ತೋರಿಸಿದರು. ನಾನು ಉಬ್ಬಿಹೋದೆ. ಅಣ್ಣ ಪೆಟ್ಟಿಗೆ ತುಂಬಿಕೊಂಡು ಹೊರಟ.

ಮಂಗಳವಾರ ಆಸ್ಪತ್ರೆಯಲ್ಲಿ ತೆರೆದು ನೋಡಿದರೆ ಎಲ್ಲವೂ ಕೆಂಪು. ಒಂದಲ್ಲ ಎರಡಲ್ಲ, ಇನ್ನೂರ ನಲವತ್ತೂ ಕೆಂಪು! ಒಂದು ಸೀಸೆಯನ್ನೂ ಇಳಿಸಿಕೊಳ್ಳದೆ ವಾಪಸು ಕಳಿಸಿದರು. ಬುಧವಾರ ವ್ಯಾನು ಅಂಗಳಕ್ಕೆ ಬಂದಾಗ ಮ್ಯಾನೇಜರ್ ಆಗಲೇ ಬಾಗಿಲಲ್ಲಿ ನಿಂತಿದ್ದರು.

"ತಂಪು ಮಷೀನ್ ಆಫ್ ಮಾಡಿದ್ಯಾ?"

ವ್ಯಾನಿನೊಳಗಿನ ಥರ್ಮಾಮೀಟರ್ ಕೆಟ್ಟು ಹದಿನೈದು ದಿನವಾಗಿತ್ತು. ಅಣ್ಣ ಎರಡು ಸಲ ಬರೆದು ಕೊಟ್ಟಿದ್ದ. ಆ ಮಾತನ್ನು ಮೊದಲು ಹೇಳಬೇಕಲ್ಲವೇ? ಇಲ್ಲ. ನಮ್ಮಣ್ಣ ಸುಳ್ಳು ಹೇಳಲು ಬಾರದವನು. ಅಂಥವರಿಗೆ ಕೆಲವು ಸಲ ನಿಜ ಹೇಳಲೂ ಬರುವುದಿಲ್ಲ. ತಲೆ ಕೆರೆದುಕೊಂಡು, "ರೈಲ್ವೆ ಗೇಟಲ್ಲಿ ಇಪ್ಪತ್ತು ನಿಮಿಷ ಎಂಜಿನ್ ಆಫ್ ಮಾಡಿದ್ದೆ ಸಾರ್. ಅಷ್ಟಕ್ಕೇ ಬಿಸಿ ಆಗುತ್ತೇನೋ ಗೊತ್ತಿಲ್ಲ" ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವನು ಕುಂಬಳಕಾಯಿಯನ್ನೇ ಕಂಡವನಲ್ಲ, ಆದರೂ ಹೆಗಲು ಮುಟ್ಟಿಕೊಂಡ.

ತಪ್ಪು ತನ್ನದು ಎಂದು ಗುರುವಾರ ನಾಲ್ಕು ಗಂಟೆಗೆ ಸಹಿ ಹಾಕಬೇಕು ಎಂದಾಯಿತು. ಸಹಿ ಹಾಕಿದರೆ ಕೆಲಸ ಹೋಯಿತು. ಕೆಲಸಕ್ಕಿಂತ ದೊಡ್ಡದು ಇನ್ನೊಂದಿತ್ತು. ಔಷಧ ಕೆಡಿಸಿದ ಡ್ರೈವರ್ ಎಂದು ಒಂದು ಸಲ ಹೆಸರು ಬಿದ್ದವನನ್ನು ಮತ್ತೆ ಯಾರೂ ತಂಪು ವ್ಯಾನಿನ ಹತ್ತಿರ ಸೇರಿಸುವುದಿಲ್ಲ. ಹದಿನೇಳು ವರ್ಷದಲ್ಲಿ ಒಂದು ಸೀಸೆ ಒಡೆಯದ ಮನುಷ್ಯ ಅವನು.

ಅಂದು ಸಂಜೆ ಅಣ್ಣ ತಟ್ಟೆಯ ಮುಂದೆ ಕೂತು ಕೈಯನ್ನೇ ನೋಡಿಕೊಳ್ಳುತ್ತಿದ್ದ. "ನಾನೇ ಏನೋ ಮಾಡಿರಬೇಕು" ಎಂದ. ನನಗೆ ಮೈಯೆಲ್ಲ ಉರಿಯಿತು. ಮ್ಯಾನೇಜರನ್ನು ಬೈದೆ, ಆಸ್ಪತ್ರೆಯವರನ್ನು ಬೈದೆ, ರೈಲು ಬಿಡುವವರನ್ನೂ ಬಿಡಲಿಲ್ಲ. ಅತ್ತಿಗೆ ಮಾತ್ರ ಒಂದೇ ಒಂದು ಮಾತು ಕೇಳಿದಳು.

"ಆ ಕೆಂಪು ಹೇಗಿತ್ತು ರೀ?"

"ಕೆಂಪು ಕೆಂಪಗಿತ್ತು ಕಣೆ. ಹೇಗಿರುತ್ತೆ ಮತ್ತೆ!" ಎಂದು ಅಣ್ಣನೂ ರೇಗಿದ.

"ಅಂಚಲ್ಲಿ ಹೇಗಿತ್ತು ಅಂತ."

ಗಂಡನ ಬದುಕು ಮುಳುಗುವಾಗ ಇವಳಿಗೆ ಅಂಚಿನ ಚಿಂತೆ! ಇವಳಿಗೆ ಎದೆಯಲ್ಲಿರುವುದು ಹೃದಯವೋ ಶೀಶೆಯೋ ಎಂದು ನಾನು ಗಟ್ಟಿಯಾಗಿಯೇ ಅಂದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಮೇಜು ಒರೆಸುತ್ತಿದ್ದೆ. ಮೆಟ್ಟಿಲ ಮೇಲೆ ದಡದಡ ಸದ್ದು. ಅತ್ತಿಗೆ! ಒಂಬತ್ತು ವರ್ಷದ ಹಿಂದೆ ಓಡಿ ಬಂದ ಹಾಗೆಯೇ.

"ಬಾರೇ! ಬೇಗ ಬಾ! ಬಿಸಿಯ ಕೆಂಪಲ್ಲ ಇದು!"

ಎರಡೆರಡು ಮೆಟ್ಟಿಲು ಹತ್ತಿ ಅವಳ ಹಿಂದೆ ಓಡಿದೆ. ಕೆಮಿಸ್ಟ್ ಮೇಡಂ ಮಗಳ ಹೆರಿಗೆಗೆಂದು ರಜೆ ಹಾಕಿ ಹೋಗಿದ್ದರು, ಪರೀಕ್ಷೆ ಕೋಣೆಯಲ್ಲಿ ನಾವಿಬ್ಬರೇ. ವಾಪಸು ಬಂದ ಪೆಟ್ಟಿಗೆಗಳನ್ನಿಟ್ಟಿದ್ದ ತಂಪು ಕೋಣೆಯನ್ನು ಕಾಯುವ ತಾತನನ್ನು ಕಾಡಿ ಬೇಡಿ ಒಂದು ಪೆಟ್ಟಿಗೆಯ ಮುಚ್ಚಳ ತಂದಿದ್ದಳು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇಲ್ಲಿ ನೋಡು, ಈ ಚೀಟಿಯ ಅಂಚಲ್ಲಿ. ನೇರಳೆ ಗೆರೆ ಕಾಣ್ತಾ ಇದೆಯಾ? ಬಿಸಿಗೆ ಕೆಂಪಾದ್ರೆ ಗೆರೆ ಬರಲ್ಲ, ಎಲ್ಲಾ ಕಡೆ ಒಂದೇ ಸಮ ಇರುತ್ತೆ. ಇದು ಹೊರಗಡೆಯಿಂದ ತೆವಳಿಕೊಂಡು ಬಂದಿದೆ. ಈಗ ಉಸಿರು ಬಿಗಿ ಹಿಡಿದು ನೋಡು."

ನಂಬರ್ ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿದಳು. ನಿಧಾನವಾಗಿ ಸುಲಿದಳು.

ಕೆಳಗೆ ನೀಲಿ! ಸೋಮವಾರ ನಾನು ಅಂಟಿಸಿದಾಗ ಎಷ್ಟು ನೀಲಿ ಇತ್ತೋ ಅಷ್ಟೇ ನೀಲಿ, ಉಗುರಗಲ, ಚೌಕವಾಗಿ. ಸುತ್ತ ಕೆಂಪು, ನಡುವೆ ನೀಲಿ. ನನ್ನ ಮೈಮೇಲಿನ ರೋಮವೆಲ್ಲ ನೆಟ್ಟಗಾಯಿತು.

"ಬಿಸಿಗೆ ಒಂದು ಚೀಟಿ ಅಡ್ಡ ಬರುತ್ತೇನೇ?" ಎಂದಳು ಅತ್ತಿಗೆ. "ಬಿಸಿ ಗೋಡೆಯನ್ನೇ ದಾಟುತ್ತೆ. ಪ್ಲಾಸ್ಟಿಕ್ಕಿಗೆ ಹೆದರೋದು ಆವಿ. ಯಾವುದೋ ದ್ರಾವಕದ ಆವಿ ತಾಗಿದೆ ಇದಕ್ಕೆ. ನಿಮ್ಮಣ್ಣ ಇಪ್ಪತ್ತು ನಿಮಿಷ ಅಲ್ಲ, ಇಡೀ ದಿನ ಎಂಜಿನ್ ಆಫ್ ಮಾಡಿದ್ರೂ ಹೀಗಾಗಲ್ಲ!"

ನಾನು ಅವಳನ್ನು ಬಾಚಿ ತಬ್ಬಿಕೊಂಡೆ. ಬದುಕಿದೆವು ಎನ್ನಿಸಿತು. "ನಡಿ, ಈಗಲೇ ಮ್ಯಾನೇಜರ್ ಹತ್ರ ಹೋಗೋಣ!"

"ಸುಮ್ನಿರು. ಬಾಯಲ್ಲಿ ಹೇಳಿದ್ರೆ ಪಾತ್ರೆ ತೊಳೆಯೋಳ ಮಾತು ಅಂತಾರೆ. ಕಣ್ಣಿಗೆ ತೋರಿಸ್ಬೇಕು."

ಹೊಸ ಲೇಬಲ್ ಐದು ತಗೊಂಡಳು. ಐದಕ್ಕೂ ನಂಬರ್ ಚೀಟಿ ಅಂಟಿಸಿದಳು. ಒಂದನ್ನು ಓವನ್ನಿನಲ್ಲಿ ನಲವತ್ತೈದಕ್ಕಿಟ್ಟಳು. ಅರ್ಧ ಗಂಟೆಗೆ ತೆಗೆದು ಚೀಟಿ ಸುಲಿದರೆ ಕೆಳಗೂ ಕೆಂಪು, ಮೇಲೂ ಕೆಂಪು. ಉಳಿದ ನಾಲ್ಕನ್ನು ನಾಲ್ಕು ಬಾಟಲಿಯ ಮುಚ್ಚಳದ ಒಳಗೆ ಅಂಟಿಸಿದಳು. ಬಾಟಲಿಯ ತಳಕ್ಕೆ ಹತ್ತಿ: ಒಂದಕ್ಕೆ ನೀರು, ಒಂದಕ್ಕೆ ಸ್ಪಿರಿಟ್, ಒಂದಕ್ಕೆ ಅಸಿಟೋನ್. ನಾಲ್ಕನೆಯದಕ್ಕೆ ಏನು ಹಾಕಲಿ ಎಂದು ಯೋಚಿಸುತ್ತ ಕೆಳಗೆ ಹೋದಳು. ಹತ್ತು ನಿಮಿಷ ಬಿಟ್ಟು ಒಂದು ಲೋಟದಲ್ಲಿ ಏನೋ ತಂದು ಹತ್ತಿಯ ಮೇಲೆ ಸುರಿದು ಮುಚ್ಚಳ ತಿರುಗಿಸಿದಳು. ನಾನು ಏನೆಂದು ಕೇಳಲಿಲ್ಲ. ಅಷ್ಟರಲ್ಲಿ ಸೂಪರ್‌ವೈಸರ್ ನನ್ನನ್ನು ಕೆಳಗೆ ಕರೆದರು.

ಅವತ್ತು ನಾನು ಎಷ್ಟು ಸಲ ಮೂತ್ರಕ್ಕೆಂದು ಸುಳ್ಳು ಹೇಳಿ ಮೇಲೆ ಓಡಿದೆನೋ ದೇವರಿಗೇ ಗೊತ್ತು. ಹನ್ನೊಂದಕ್ಕೆ ಅಸಿಟೋನ್ ಕೆಂಪು. ಹನ್ನೆರಡೂವರೆಗೆ ಸ್ಪಿರಿಟ್ ಬರೀ ನೇರಳೆ. ನೀರು ನೀಲಿಯಾಗಿಯೇ ಇತ್ತು. ನಾಲ್ಕನೆಯದು ಕ್ರಿಕೆಟ್ ಮ್ಯಾಚಿನ ಕೊನೆಯ ಓವರಿನ ಹಾಗೆ ನನ್ನ ಪ್ರಾಣ ತಿನ್ನುತ್ತಿತ್ತು. ಮೊದಲು ಅಂಚು, ಆಮೇಲೆ ಅಂಚಿನಿಂದ ಒಳಗೆ, ನಿಧಾನವಾಗಿ, ಒಂದು ನೇರಳೆ ಗೆರೆಯನ್ನು ಮುಂದೆ ತಳ್ಳಿಕೊಂಡು. ಎರಡು ಗಂಟೆಗೆ ನೋಡಿದರೆ ಥೇಟ್ ಆ ಪೆಟ್ಟಿಗೆಯ ಲೇಬಲ್! ಅಸಿಟೋನಿನದಕ್ಕೂ ಅದಕ್ಕೂ ಬಣ್ಣ ಕೂಡುತ್ತಿರಲಿಲ್ಲ. ಇದಕ್ಕೆ ಕೂಡುತ್ತಿತ್ತು. ಪಕ್ಕದಲ್ಲಿಟ್ಟರೆ ಅವಳಿ ಮಕ್ಕಳು.

"ಸಿಕ್ತು!" ಎಂದು ನಾನು ಕುಣಿದೆ. "ಯಾವುದದು? ಏನು ಹಾಕಿದೆ?"

"ಥಿನ್ನರ್," ಎಂದಳು ಅತ್ತಿಗೆ. ನನ್ನ ಮುಖ ನೋಡಲಿಲ್ಲ. ಬಾಟಲಿಗಳನ್ನು ತಂತಿಯ ಬುಟ್ಟಿಗೆ ಜೋಡಿಸತೊಡಗಿದಳು.

ನನ್ನ ಕುಣಿತ ಅಲ್ಲೇ ನಿಂತಿತು.

ಆ ಅಂಟಿನ ಕಲೆ ಸ್ಪಿರಿಟ್ಟಿಗೆ ಹೋಗಿರಲಿಲ್ಲ. ಅಂಗಳದಲ್ಲಿ ಗೇಟಿಗೆ ಬಣ್ಣ ಬಳಿಯುತ್ತಿದ್ದ ಪೇಂಟರ್ ಹತ್ತಿರ ಹೋಗಿ, ಒಂದು ಲೋಟ ಥಿನ್ನರ್ ಇಸಿದುಕೊಂಡು, ಇನ್ನೂರ ನಲವತ್ತು ಮುಚ್ಚಳವನ್ನೂ ಅದರಲ್ಲೇ ಉಜ್ಜಿದ್ದೆ. ಒದ್ದೆ ಆರಿತೋ ಇಲ್ಲವೋ, ವ್ಯಾನಿಗೆ ಹೊತ್ತಾಯಿತೆಂದು ಲೇಬಲ್ ಅಂಟಿಸಿ ಗಾಳಿಯಾಡದ ಹಾಗೆ ಸೀಲ್ ಮಾಡಿದ್ದೆ. ಆವಿ ಹೊರಗೆ ಹೋಗಲು ಒಂದು ಸೂಜಿಯಷ್ಟೂ ಸಂದಿಯಿರಲಿಲ್ಲ. ಅಷ್ಟು ಅಚ್ಚುಕಟ್ಟು ನಾನು! ರಾತ್ರಿಯಿಡೀ ಅಣ್ಣ ಜೋಪಾನವಾಗಿ ವ್ಯಾನು ಓಡಿಸುತ್ತಿದ್ದಾಗ ಅವನ ಬೆನ್ನ ಹಿಂದೆ, ತಂಪಿನಲ್ಲೇ, ನನ್ನ ಅಚ್ಚುಕಟ್ಟು ಒಂದೊಂದೇ ಲೇಬಲ್ಲನ್ನು ಕೆಂಪು ಮಾಡುತ್ತ ಹೋಗಿತ್ತು. ಕುಂಬಳಕಾಯಿ ಕದ್ದವಳು ನಾನು, ಹೆಗಲು ಮುಟ್ಟಿ ನೋಡಿಕೊಳ್ಳುವ ಬುದ್ಧಿಯೂ ನನಗಿರಲಿಲ್ಲ.

ಹೇಳಬೇಕಿತ್ತು, ಆಗಲೇ. ದಿನಕ್ಕೆ ನಾಲ್ಕು ಜನರ ತಪ್ಪು ಎತ್ತಿ ಆಡುವವಳು ನಾನು. ಈ ಬಾಯಲ್ಲಿ ನನ್ನ ತಪ್ಪು ಎನ್ನುವ ಮಾತು ಯಾವತ್ತೂ ಬಂದದ್ದಿಲ್ಲ. ದಾರಿಯೇ ಗೊತ್ತಿರಲಿಲ್ಲ ಅದಕ್ಕೆ.

ಮೂರೂವರೆಗೆ ಅತ್ತಿಗೆ ಬುಟ್ಟಿ ಹಿಡಿದು ಮ್ಯಾನೇಜರ ಕೋಣೆಗೆ ನುಗ್ಗಿದಳು. ಕರೆಯದಿದ್ದರೂ ಹಿಂದೆ ನಾನು. ಅಣ್ಣ ಮೇಜಿನ ಮುಂದೆ ನಿಂತಿದ್ದ, ಕೈಯಲ್ಲಿ ಪೆನ್ನು. ಇನ್ನೂ ಅರ್ಧ ಗಂಟೆಯಿದ್ದರೂ ಬೇಗ ಮುಗಿಸಿಬಿಡೋಣ ಎಂದು ಬಂದಿದ್ದನಂತೆ, ಪುಣ್ಯಾತ್ಮ.

"ಸಹಿ ಹಾಕ್ಬೇಡಿ!" ಎಂದು ಅತ್ತಿಗೆ ಕೂಗಿದ್ದಕ್ಕೆ ಪಕ್ಕದ ಆಫೀಸಿನ ಹುಡುಗಿಯರೆಲ್ಲ ಬಾಗಿಲಿಗೆ ಬಂದರು.

ಆಮೇಲಿನ ಕಾಲು ಗಂಟೆ ನಾನು ನೋಡಿದ ಅತ್ತಿಗೆಯೇ ಬೇರೆ. ಮ್ಯಾನೇಜರ ಕಾಗದಗಳನ್ನೆಲ್ಲ ಮೊಣಕೈಯಿಂದ ಸರಿಸಿ ಬಾಟಲಿಗಳನ್ನು ಸಾಲಾಗಿಟ್ಟಳು. ಓವನ್ನಿನ ಲೇಬಲ್ಲಿನ ಚೀಟಿ ಅವರ ಕೈಯಿಂದಲೇ ಸುಲಿಸಿದಳು. ಕೆಳಗೆ ಕೆಂಪು. ಪೆಟ್ಟಿಗೆಯ ಲೇಬಲ್ಲಿನ ಚೀಟಿ ಸುಲಿಸಿದಳು. ಕೆಳಗೆ ನೀಲಿ. "ಇನ್ನೊಂದು ತರಿಸಿ ಸಾರ್, ನಿಮಗೆ ಬೇಕಾದ್ದು ತರಿಸಿ!" ಎಂದಳು. ತರಿಸಿದರು, ಹನ್ನೊಂದು ಮುಚ್ಚಳ. ಹನ್ನೊಂದರಲ್ಲೂ ಚೀಟಿಯ ಕೆಳಗೆ ನೀಲಿ. ಪ್ರತಿ ಸಲ ಸುಲಿದಾಗಲೂ ಬಾಗಿಲಲ್ಲಿದ್ದವರು "ಓ" ಎನ್ನುತ್ತಿದ್ದರು. ಅತ್ತಿಗೆ ಒಂಬತ್ತು ವರ್ಷದ ಕ್ಯಾಲೆಂಡರುಗಳನ್ನು ಮೇಜಿನ ಮೇಲೆ ಹಾಸಿ, ಬಿಸಿಯ ಕೆಂಪುಗಳನ್ನು ಒಂದು ಕಡೆ, ದ್ರಾವಕದ ಕೆಂಪುಗಳನ್ನು ಒಂದು ಕಡೆ ಬೆರಳಿಟ್ಟು ತೋರಿಸಿದಳು. ಮ್ಯಾನೇಜರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಹಾಗಾದ್ರೆ ಔಷಧ ಬಿಸಿ ಆಗಿಲ್ಲ."

"ಇಲ್ಲ ಸಾರ್. ಔಷಧ ತಣ್ಣಗೇ ಇತ್ತು. ಕೆಟ್ಟಿದ್ದು ಲೇಬಲ್ ಮಾತ್ರ. ಥಿನ್ನರ್ ಆವಿಗೆ."

ಮ್ಯಾನೇಜರ್ ಕೆಟ್ಟವರಲ್ಲ, ಆದರೆ ದಡ್ಡರೂ ಅಲ್ಲ. ಅಣ್ಣನ ಕಡೆ ತಿರುಗಿದರು. "ವ್ಯಾನಲ್ಲಿ ಪೇಂಟ್ ಡಬ್ಬಿ ಸಾಗಿಸಿದ್ಯಾ? ಯಾರದ್ದಾದ್ರೂ ಸಾಮಾನು ಹಾಕಿಕೊಂಡಿದ್ಯಾ?"

ಅಣ್ಣ ಬಾಯಿ ತೆರೆದ. "ನೆನಪಿಲ್ಲ ಸಾರ್, ಇರಬಹುದೇನೋ..." ಅಯ್ಯೋ ನನ್ನಪ್ಪಾ! ಬಾಯಿಗೆ ಬಂದ ತುತ್ತನ್ನು ಹೊರಗೆ ಉಗಿಯುವುದೆಂದರೆ ಇದೇ.

"ಸಾಧ್ಯ ಇಲ್ಲ," ಎಂದಳು ಅತ್ತಿಗೆ. "ಚೀಲ ಸೀಲ್ ಆಗಿತ್ತು. ಹೊರಗಿನ ಆವಿ ಒಳಗೆ ಹೋಗಲ್ಲ. ಸೀಲ್ ಮಾಡೋ ಮೊದಲೇ ಒಳಗಿತ್ತು."

"ಒಳಗೆ ಹಾಕಿದ್ದು ಯಾರು?"

ಆಗ ನನಗೆ ಹೊಳೆಯಿತು. ಅವಳು ಬೆಳಿಗ್ಗೆ ಲೋಟದಲ್ಲಿ ತಂದ ಥಿನ್ನರ್ ಎಲ್ಲಿಯದು? ಪೇಂಟರ್ ಹತ್ತಿರ ಬಿಟ್ಟರೆ ಎಲ್ಲೂ ಇಲ್ಲ. ಪೇಂಟರ್ ಎಂಥ ಬಾಯಿಬಡುಕ! ಮೊನ್ನೆ ನಿಮ್ಮ ನಾದಿನಿಯೂ ತಗೊಂಡು ಹೋದ್ರಲ್ಲ ಎಂದು ಹೇಳದೆ ಬಿಟ್ಟಿರುತ್ತಾನೆಯೇ? ಬೆಳಿಗ್ಗೆಯಿಂದ ಅವಳಿಗೆ ಗೊತ್ತು. ಬೆಳಿಗ್ಗೆಯಿಂದ ನಾನು ಅವಳ ಸುತ್ತ ಕುಣಿಯುತ್ತಿದ್ದೇನೆ, ಅವಳಿಗೆ ಗೊತ್ತು.

"ಅದು ಸಾರ್," ಎಂದು ಅತ್ತಿಗೆ ಶುರುಮಾಡಿದಳು.

"ನಾನು!" ಎಂದೆ. ನನಗೇ ಕಿವಿ ಗುಂಯ್ ಎನ್ನುವಷ್ಟು ಜೋರಾಗಿ ಬಂತು. "ನಾನೇ ಸಾರ್. ಮುಚ್ಚಳ ಒರೆಸಿದ್ದು ನಾನು. ಥಿನ್ನರಲ್ಲಿ ಒರೆಸ್ದೆ. ಯಾರನ್ನೂ ಕೇಳ್ಲಿಲ್ಲ. ಕ್ಲೀನ್ ಇರ್ಲಿ ಅಂತ ಒರೆಸ್ದೆ. ಅಣ್ಣ, ಆ ಪೆನ್ನು ಕೆಳಗಿಡು."

ಅಣ್ಣ ಪೆನ್ನು ಕೆಳಗಿಟ್ಟ. ನನ್ನ ಎದೆಯ ಮೇಲಿಂದ ಒಂದು ಬೀಸುವ ಕಲ್ಲನ್ನು ಇಳಿಸಿದ ಹಾಗೆ ಹಗುರವಾಯಿತು, ಆ ಸಂತೋಷವನ್ನು ನಾನು ಹೇಳಲಾರೆ. ಅಳುತ್ತ ನಗುತ್ತ ನಿಂತೆ.

ಮ್ಯಾನೇಜರ್ ಕೆಮಿಸ್ಟ್ ಮೇಡಂಗೆ ಫೋನು ಹಚ್ಚಿದರು. ಅವರು ಎಲ್ಲ ಕೇಳಿ, ಅತ್ತಿಗೆ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ ಎಂದರಂತೆ. ಆ ಕಡೆಯಿಂದ ಮಗುವಿನ ಅಳುವೂ ಕೇಳುತ್ತಿತ್ತಂತೆ. ಔಷಧ ತಯಾರಿಸಿದವರು ಸೀಸೆಗಳನ್ನು ತರಿಸಿಕೊಂಡು ಪರೀಕ್ಷಿಸಿ, ಏನೂ ಕೆಟ್ಟಿಲ್ಲವೆಂದು ಮುಂದಿನ ವಾರ ತಿಳಿಸಿದರು. ವ್ಯಾನಿಗೆ ಹೊಸ ಥರ್ಮಾಮೀಟರ್ ಬಂತು. ಅಣ್ಣ ಮಾರನೆಯ ದಿನವೇ ಸ್ಟೀರಿಂಗ್ ಹಿಡಿದ. ನನಗೆ ಮ್ಯಾನೇಜರ್ ಅರ್ಧ ಗಂಟೆ ನೀರಿಳಿಸಿದರು. ಕೊನೆಗೆ, ಒಪ್ಪಿಕೊಂಡದ್ದಕ್ಕೆ ಕೆಲಸ ಉಳಿಯಿತು, ಆದರೆ ಯಾವ ದ್ರಾವಕ ಯಾವುದನ್ನು ಏನು ಮಾಡುತ್ತದೆ ಎಂದು ಕಲಿಯುವವರೆಗೆ ಪ್ಯಾಕಿಂಗ್ ಮೇಜು ಮುಟ್ಟಕೂಡದು ಎಂದರು. ಕಲಿಯಬೇಕಾದದ್ದು ಯಾರ ಹತ್ತಿರ? ಎರಡು ತಿಂಗಳು ಅತ್ತಿಗೆಯ ಕೈಕೆಳಗೆ ಶೀಶೆ ತೊಳೆದೆ. ಉಜ್ಜಿದ್ದು ಸಾಲದು ಎಂದು ಒಂದೊಂದು ಶೀಶೆಯನ್ನು ಮೂರು ಮೂರು ಸಲ ವಾಪಸು ಕೊಟ್ಟಳು, ಹಳೆಯದನ್ನೆಲ್ಲ ಬಡ್ಡಿ ಸಮೇತ ತೀರಿಸಿಕೊಂಡಳು.

ಆ ಗುರುವಾರ ಸಂಜೆಯ ಮಾತು ಒಂದು ಉಳಿದಿದೆ. ಮನೆಗೆ ಬಂದವಳೇ ನಾನು ಅವಳ ಕೆಲಸದ ಕೋಟನ್ನು ಒಗೆಯಲು ಎತ್ತಿಕೊಂಡೆ. ಯಾವತ್ತೂ ಮಾಡಿದ ಕೆಲಸವಲ್ಲ. ಅವತ್ತು ಏನಾದರೂ ಮಾಡಬೇಕೆನಿಸಿತ್ತು. ಜೇಬು ನೋಡಿದರೆ ಒಂದು ಕಾಗದ, ನಾಲ್ಕು ಮಡಿಕೆ. ಅತ್ತಿಗೆಯ ಅಕ್ಷರ.

"ಪೆಟ್ಟಿಗೆಗಳ ಮುಚ್ಚಳವನ್ನು ಥಿನ್ನರಿನಿಂದ ಒರೆಸಿದವಳು ನಾನು. ಪ್ಯಾಕಿಂಗ್ ಮೇಜಿನವರಿಗೆ ಇದು ಗೊತ್ತಿಲ್ಲ." ಕೆಳಗೆ ಸಹಿ, ಅಂದಿನ ತಾರೀಖು.

ನಾನು ಕಾಗದ ಹಿಡಿದು ಅಡುಗೆಮನೆಗೆ ನುಗ್ಗಿದೆ. ಅವಳು ಒಲೆಯ ಮುಂದೆ ನಿಂತು ಬಾಣಲೆ ನೋಡುತ್ತಿದ್ದಳು.

"ಏನಿದು? ಯಾರು ಕೇಳಿದ್ರು ನಿನ್ನ ಈ ದೊಡ್ಡತನಾನ?"

ತಿರುಗಿ ನೋಡಿದಳು. ಸಿಕ್ಕಿಬಿದ್ದ ಮುಖ. "ನೀನೇ ಹೇಳ್ತೀಯ ಅಂತ ಗೊತ್ತಿತ್ತು ಕಣೆ. ಅಕಸ್ಮಾತ್ ನಿನ್ನ ಗಂಟಲು ಒಣಗಿಬಿಟ್ರೆ ಅಂತ ಬರೆದಿಟ್ಕೊಂಡೆ."

"ನಿನ್ನ ಕೆಲಸ ಹೋಗ್ತಿತ್ತು! ಆ ಬಾಟ್ಲಿ, ಆ ಓವನ್, ಆ ಬಣ್ಣ, ಎಲ್ಲಾ ಬಿಟ್ಟು ಮನೇಲಿ ಕೂರ್ಬೇಕಿತ್ತು. ಅದು ಯೋಚನೆ ಮಾಡಿದ್ಯಾ?"

"ಮಾಡ್ದೆ," ಎಂದಳು. "ಅದಕ್ಕೇ ಅಕ್ಷರ ಸೊಟ್ಟಗೆ ಬಂದಿರೋದು. ನೋಡು ಬೇಕಾದ್ರೆ."

ನೋಡಿದೆ. ಸೊಟ್ಟಗೇ ಇತ್ತು.